ಖಾಲಿ ವಕಾಲತ್ತು

ಬೆಳಗಿನ ಚಹಾ ಆರುವುದರೊಳಗೆ ಹನ್ನೆರಡು ಸಹಿ. "ನಮಾಜು ತಪ್ಪಿಸಿದರೂ ಇದನ್ನ ತಪ್ಪಿಸೋರಲ್ಲ" ಎಂದು ಹೆಂಡತಿ ಹಾಸ್ನಾ ಆಡಿಕೊಳ್ಳುತ್ತಿದ್ದಳು. ವಕಾಲತ್ತಿನ ಕಾಗದದಲ್ಲಿ ಕಕ್ಷಿದಾರನ ಜಾಗ ಖಾಲಿ, ಕೇಸಿನ ನಂಬರೂ ಖಾಲಿ; ಕೆಳಗೆ ಮಾತ್ರ 'ಒಪ್ಪಿದ್ದೇನೆ, ಮೊತಾಹಾರ್ ಹುಸೇನ್, ವಕೀಲ'. ಆ ಕಟ್ಟು ನನ್ನ ಮುಹುರಿ ಇದ್ರಿಸನ ಬಗಲಚೀಲಕ್ಕೆ. ಮುಹುರಿ ಎಂದರೆ ವಕೀಲನ ಗುಮಾಸ್ತ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮುಹುರಿಯೇ ವಕೀಲ, ವಕೀಲ ಬರೀ ಕರಿಕೋಟು. ನದಿದಡದ ಲಾಂಚ್ ಘಾಟಿನಲ್ಲಿ, ಜೈಲಿನ ಗೇಟಿನಲ್ಲಿ ಗಿರಾಕಿ ಹಿಡಿಯುವವನು ಅವನು, ಖಾಲಿ ಜಾಗ ತುಂಬುವವನು ಅವನು, ಕೇಸು ಮುಂದೂಡಲು ವಾಯಿದೆ ಅರ್ಜಿ ಕೊಡುವವನೂ ಅವನೇ. ನಮ್ಮ ಸಂಘದ ಇನ್ನೂರು ವಕೀಲರೂ ಹೀಗೇ. ಇದು ತಪ್ಪೆಂದು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನನಗೆ ಅನ್ನಿಸಿರಲಿಲ್ಲ.

ನನ್ನದು ಚರ್ ಜಮೀನಿನ ವ್ಯಾಜ್ಯ. ನದಿ ಒಂದು ದಡದಲ್ಲಿ ನುಂಗಿ ಇನ್ನೊಂದು ದಡದಲ್ಲಿ ಉಗುಳಿದ ಮಣ್ಣು ಯಾರದ್ದು ಎಂಬ ಜಗಳ. ಅಜ್ಜ ಹೂಡಿದ್ದನ್ನು ಮೊಮ್ಮಗ ನಡೆಸುತ್ತಾನೆ, ನಡುವೆ ನನ್ನ ಹೊಟ್ಟೆ ತುಂಬುತ್ತದೆ. ಸರ್ಕಾರದ ಗೊಡವೆಗೆ ಹೋದವನಲ್ಲ ನಾನು.

ಹೋದವಳು ಲುತ್ಫುನ್ನೆಸಾ, ಹೆಣ್ಣುಮಕ್ಕಳ ಶಾಲೆಯ ಟೀಚರು. ನಂಬರಿಲ್ಲದ ಬಿಳಿ ವ್ಯಾನು ಹತ್ತಿಸಿಕೊಂಡು ಹೋದ, ಮರಳಿ ಬಾರದ ಹದಿನೇಳು ಗಂಡಸರು ನಮ್ಮ ಜಿಲ್ಲೆಯಲ್ಲಿದ್ದರು. ಅವಳು ಪ್ರತಿ ಶುಕ್ರವಾರ ಲಾಂಚ್ ಘಾಟಿನಲ್ಲಿ ನಿಂತು ಶಾಲೆಯ ಹಾಜರಿ ಪುಸ್ತಕ ತೆರೆದು ಅವರ ಹೆಸರು ಕೂಗುತ್ತಿದ್ದಳು. ಒಂದು ಹೆಸರು ಕೂಗಿ, ಜನರತ್ತ ನೋಡುತ್ತಾ ಕಾದು, 'ಗೈರು' ಎಂದು ಬರೆದುಕೊಂಡು ಮುಂದಿನದು. ಯಾರೋ ಫೋನಿನಲ್ಲಿ ಹಿಡಿದರು, ದೇಶವೆಲ್ಲ ನೋಡಿತು. ಸರ್ಕಾರದ ಮಾನ ಕಳೆದಳೆಂದು ಒಳಗೆ ಹಾಕಿದರು. ಸುದ್ದಿ ಬಂದಾಗ ನಾನು ಇಲಿಶ್ ಮೀನಿನ ಮುಳ್ಳು ಬಿಡಿಸುತ್ತಿದ್ದೆ. "ಟೀಚರಮ್ಮನಿಗೆ ಯಾಕೆ ಬೇಕಿತ್ತು ಊರ ಉಸಾಬರಿ" ಎಂದು ಇನ್ನೊಂದು ತುಂಡು ಹಾಕಿಸಿಕೊಂಡೆ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಎರಡು ತಿಂಗಳ ಮೇಲೆ, ಒಂದು ಸೋಮವಾರ, ಢಾಕಾದಿಂದ ತಾಹೇರಾ ಎಂಬ ವಕೀಲೆ ನನ್ನ ತಗಡಿನ ಕೋಣೆಗೆ ಬಂದಳು. ಇಂಥ ಕೇಸುಗಳನ್ನೇ ನಡೆಸುವವಳು, ನನ್ನ ಮಗಳು ಮುನ್ನಿಯ ವಯಸ್ಸು. ಕೂತುಕೊಳ್ಳಲಿಲ್ಲ.

"ಲುತ್ಫಾ ಆಪಾ ಅವರ ವಕೀಲರು ನೀವೇನಾ?"

"ಅಯ್ಯೋ ಇಲ್ಲಮ್ಮ. ನಂದು ಬರೀ ಮಣ್ಣು-ನೀರಿನ ಕೇಸು."

"ಮೂರು ಸಲ ವಾಯಿದೆ ಕೇಳಿದೀರಿ. ಜಾಮೀನಿಗೆ ಅರ್ಜಿನೇ ಹಾಕಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕಪ್ಪಾಗ್ತಿದೆ. ಆಸ್ಪತ್ರೆಗೆ ಕಳಿಸೋಕೆ ಕೋರ್ಟಿನ ಆರ್ಡರ್ ಬೇಕು, ಆರ್ಡರಿಗೆ ವಕೀಲರ ಅರ್ಜಿ ಬೇಕು. ವಕೀಲರು ನೋಡಿದ್ರೆ ಮಲಗಿದಾರೆ."

ಅವಳು ಮೇಜಿನ ಮೇಲಿಟ್ಟ ನಕಲಿನಲ್ಲಿ ನನ್ನದೇ ಸಹಿ. ಕೆಳಗೆ ಲುತ್ಫಾಳ ಸಹಿ, ಜೈಲಿನ ಮೊಹರು.

"ಗುರುವಾರ ವಿಚಾರಣೆ ಇದೆ. ಎನ್‌ಒಸಿ ಬರೆದುಕೊಡಿ ಸಾರ್, ಮುಂದಿಂದು ನಾನು ನೋಡ್ಕೋತೀನಿ."

ಒಬ್ಬ ವಕೀಲನ ಕೇಸನ್ನು ಅವನ ಒಪ್ಪಿಗೆ ಚೀಟಿಯಿಲ್ಲದೆ ಇನ್ನೊಬ್ಬ ಮುಟ್ಟುವಂತಿಲ್ಲ, ಅದು ನಮ್ಮ ಕಟ್ಟಳೆ. ನಾಳೆ ಬಾರಮ್ಮ ಎಂದು ಅವಳನ್ನು ಸಾಗಹಾಕಿ ಇದ್ರಿಸನನ್ನು ಕರೆದೆ. ಹದಿನೆಂಟು ವರ್ಷ ಜೊತೆಗಿದ್ದವನು ಬಾಗಿಲಲ್ಲೇ ಕುಕ್ಕರಿಸಿದ.

"ನನ್ನ ತಮ್ಮನ್ನ ಬಿಳಿ ವ್ಯಾನಿನೋರು ಎತ್ಕೊಂಡು ಹೋಗಿದ್ರು ಸಾರ್. ನಿಮ್ಮ ಸಹಿ ಇರೋ ಕಾಗದ ನಾಲ್ಕು ಕೊಡು, ಬಿಡ್ತೀವಿ ಅಂದ್ರು. ಕೊಟ್ಟೆ. ಮಧ್ಯಾಹ್ನದೊಳಗೆ ಬಿಟ್ರು."

"ವಾಯಿದೆ ಅರ್ಜಿ?"

"ಅದೂ ನಾನೇ. ಅವರು ಹೇಳಿದ ದಿನ ಕೊಡ್ತಿದ್ದೆ."

ಬೈಯಲು ಬಾಯಿ ತೆರೆದೆ. ಏನೆಂದು ಬೈಯಲಿ? ಕಾಗದ ಅವನು ಕೊಟ್ಟದ್ದು, ಸಹಿ ನಾನು ಹಾಕಿದ್ದು.

ಅದೇ ಮಧ್ಯಾಹ್ನ ಮಫ್ತಿ ಪೊಲೀಸಿನವನೊಬ್ಬ ಬಂದ. ಹೆಸರು ಹೇಳಲಿಲ್ಲ. ತಾನೇ ಚಹಾದಂಗಡಿಯಿಂದ ಸಮೋಸದಂಥ ಶಿಂಗಾಡ ತರಿಸಿ, ನನಗೊಂದು ಕೊಟ್ಟು, ತಾನೊಂದು ಮುರಿದ. ಆಮೇಲೆ ಜೇಬಿನಿಂದ ಮೂರು ವಕಾಲತ್ತು ತೆಗೆದು ಇಸ್ಪೀಟಿನ ಎಲೆ ಹರಡಿದಂತೆ ಹರಡಿದ. ಮೂರರಲ್ಲೂ ನನ್ನ ಸಹಿ, ಮಿಕ್ಕಿದ್ದೆಲ್ಲ ಖಾಲಿ.

"ಎನ್‌ಒಸಿ ಕೊಡಬೇಡಿ ಚಾಚಾ. ಗುರುವಾರ ಮತ್ತೆ ವಾಯಿದೆ ಕೇಳಿ, ಅಷ್ಟೇ. ಇದರಲ್ಲಿ ಯಾರ ಹೆಸರು ಬರೆದ್ರೂ ನೀವು ಅವರ ಕಡೆಯವರು ಆಗ್ಬಿಡ್ತೀರಿ. ಬರೆಯೋ ಹಾಗೆ ಮಾಡಬೇಡಿ."

"ಇನ್ನೂರು ಜನ ಇದೀವಿ. ನನ್ನನ್ನೇ ಯಾಕಪ್ಪ?"

"ಎಲ್ಲಾರನ್ನೂ ವಿಚಾರಿಸಿದ್ವಿ. ನಿಮ್ಮಷ್ಟು ನಿರುಪದ್ರವಿ ಇನ್ನೊಬ್ರಿಲ್ಲ ಅಂದ್ರು. ಇಷ್ಟು ವರ್ಷ ಏನೂ ಮಾಡಿಲ್ಲ ನೀವು. ಹಾಗೇ ಇದ್ಬಿಡಿ."

ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕೇಸು ಬಿಟ್ಟರೆ ಮೂರು ಕಾಗದ ಅವನ ಜೇಬಿನಲ್ಲಿ. ಖಾಲಿ ಕಾಗದಕ್ಕೆ ಸಹಿ ಹಾಕಿದ್ದೆನೆಂದು ಜಡ್ಜಿಗೆ ಹೇಳಿದರೆ ನನ್ನ ವಕೀಲಿಯ ಸನದು ಹೋಗುತ್ತದೆ, ಇದ್ರಿಸನ ತಮ್ಮ ಮತ್ತೆ ವ್ಯಾನು ಹತ್ತುತ್ತಾನೆ. ಸುಮ್ಮನಿದ್ದರೆ ಟೀಚರ ಕಾಲು ಕೊಳೆಯುತ್ತದೆ. ಮೂರೂ ಬಾಗಿಲು ನೋಡಿದೆ, ಮೂರಕ್ಕೂ ಹೊರಗಿನಿಂದ ಚಿಲಕ.

ಮಂಗಳವಾರ ತಾಹೇರಾ ಬಂದಾಗ ಹಿಂಬಾಗಿಲಿನಿಂದ ಎದ್ದುಹೋದೆ. ಬುಧವಾರ ಜೈಲಿಗೆ ಹೋದೆ. ಕಾಗದದ ಮೇಲೆ ಅವಳ ವಕೀಲ ನಾನೊಬ್ಬನೇ, ಒಳಗೆ ಬಿಡುವುದೂ ನನ್ನೊಬ್ಬನನ್ನೇ. ಜಾಲರಿಯಾಚೆ ಬೆಂಚಿನ ಮೇಲೆ ಕೂತಿದ್ದಳು. ಎಡಗಾಲಿಗೆ ಸೀರೆಯ ಹರಕು ಸುತ್ತಿತ್ತು. ವಾಸನೆ ಈಚೆಗೂ ಬರುತ್ತಿತ್ತು.

"ಮುನ್ನಿ ತಂದೆ ಅಲ್ವಾ ನೀವು? ಅವಳ ಅಕ್ಷರ ಸುಧಾರಿಸ್ತಾ?" ಎಂದಳು.

"ಇಲ್ಲ" ಎಂದೆ.

"ನಿನ್ನ ತಮ್ಮ ವಕೀಲರನ್ನ ಗೊತ್ತು ಮಾಡಿದಾನೆ, ಸಹಿ ಮಾಡು ಅಂದ್ರು ಜೈಲಿನೋರು. ಮಾಡಿದೆ. ಆಮೇಲೆ ನೋಡಿದ್ರೆ ಅವನಿಗೆ ವಿಷಯಾನೇ ಗೊತ್ತಿಲ್ಲ. ಓದದೇ ಸಹಿ ಹಾಕಬೇಡ್ರೇ ಅಂತ ಮಕ್ಕಳಿಗೆ ಬಡ್ಕೊಂಡವಳು ನಾನು." ಕಾಲಿನ ಹರಕು ಸರಿಮಾಡಿಕೊಳ್ಳುತ್ತಾ, "ನೀವು ಓದಿದ್ರಾ?" ಎಂದಳು.

ಎದ್ದು ಬಂದೆ. ಇಡೀ ದಾರಿ ಅವಳ ಮೇಲೆ ಸಿಟ್ಟು. ಒಂದು ಸಲ ಅತ್ತಿದ್ದರೆ, ಕೈಮುಗಿದಿದ್ದರೆ, ನಾನೂ ಒಂದು ಸುಳ್ಳು ಸಮಾಧಾನ ಹೇಳಿ ಹಗುರಾಗುತ್ತಿದ್ದೆ.

ಗುರುವಾರ ಕೋರ್ಟಿಗೆ ಹೋದಾಗ ನನ್ನ ಜೇಬಿನಲ್ಲಿ ಇದ್ದದ್ದು ವಾಯಿದೆ ಅರ್ಜಿ. ಇದನ್ನು ಮುಚ್ಚಿಡುವುದಿಲ್ಲ. ಕೊಡಲೆಂದೇ ಬರೆದು ತಂದಿದ್ದೆ. ಹಿಂದಿನ ಬೆಂಚಿನಲ್ಲಿ ತಾಹೇರಾ, ಬಾಗಿಲ ಬಳಿ ಮಫ್ತಿಯವನು. ಕಟಕಟೆಯಲ್ಲಿ ಲುತ್ಫಾ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಜವಾನ ಕೂಗಿದ: "ಆರೋಪಿ ಪರ ವಕೀಲ ಮೊತಾಹಾರ್ ಹುಸೇನ್?" ಜಡ್ಜಿನ ಮುಂದೆ ಕಡತ ಇಡುವ ಪೇಷ್ಕಾರ ತಲೆಯೆತ್ತದೆಯೇ ಅರ್ಜಿಗೆ ಕೈ ಚಾಚಿದ. ಜವಾನ ಇನ್ನೊಮ್ಮೆ ಕೂಗಿದ.

ಲುತ್ಫಾ ನನ್ನತ್ತ ತಿರುಗಿದಳು. ಘಾಟಿನಲ್ಲಿ ಹೆಸರು ಕೂಗಿ ಕಾಯುವಾಗ ಜನರತ್ತ ನೋಡುತ್ತಿದ್ದಳಲ್ಲ, ಹಾಗೇ ನೋಡಿದಳು. ಆ ಹದಿನೇಳು ಮಂದಿ ಬರಲಾಗದವರು. ನಾನು ಅಲ್ಲೇ, ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ, ಹೊಟ್ಟೆ ತುಂಬ ತಿಂದು ಕೂತಿದ್ದೆ. ನಾಚಿಕೆಯಾಯಿತು. ಧೈರ್ಯ ಬಂತೆಂದು ಯಾರಾದರೂ ಹೇಳಿದರೆ ನಂಬಬೇಡಿ, ನನ್ನನ್ನು ಎಬ್ಬಿಸಿದ್ದು ನಾಚಿಕೆ.

"ಹಾಜರಿದ್ದೇನೆ ಹುಜೂರ್. ವಾಯಿದೆ ಬೇಡ."

ಪೇಷ್ಕಾರ ತಲೆಯೆತ್ತಿದ. ನನಗೆ ಗೊತ್ತಿದ್ದುದು ಮಣ್ಣಿನ ವಾದ ಒಂದೇ, ಅದನ್ನೇ ಮಾಡಿದೆ. "ಚರ್ ಜಮೀನಿನಲ್ಲಿ ಒಂದು ಮೊಳ ನೆಲ ನದಿ ಪಾಲಾದರೆ ತಾವು ಅಮೀನನನ್ನು ಕಳಿಸಿ ಅಳೆಸುತ್ತೀರಿ. ಈಯಮ್ಮನ ಕಾಲು ದಿನಕ್ಕೊಂದು ಅಂಗುಲ ಹೋಗುತ್ತಿದೆ. ಒಬ್ಬ ಡಾಕ್ಟರನ್ನಾದರೂ ಕಳಿಸಿ ಅಳೆಸಿ." ಯಾರೋ ನಕ್ಕರು. ಜಡ್ಜ್ ಸಾಹೇಬರು ನಗಲಿಲ್ಲ. ಕಟಕಟೆಯ ಕೆಳಗೆ ಕಣ್ಣು ಹಾಯಿಸಿ, ಬಾಗಿಲ ಬಳಿಯೂ ಒಮ್ಮೆ ನೋಡಿ, ಬರೆದರು: ಜಾಮೀನು ಇಲ್ಲ, ಇಂದೇ ಆಸ್ಪತ್ರೆಗೆ ಸೇರಿಸುವುದು.

ಹೊರಗೆ ಬಂದು ಮೊಣಕಾಲ ಮೇಲೆ ಕಾಗದವಿಟ್ಟು ಎನ್‌ಒಸಿ ಬರೆದು ತಾಹೇರಾಳ ಕೈಗಿಟ್ಟೆ. ಮೆಟ್ಟಿಲ ಕೆಳಗೆ ಬಿಳಿ ವ್ಯಾನು ನಿಂತಿತ್ತು. ಕರಿಕೋಟು ಬಿಚ್ಚಲೂ ಬಿಡದೆ ನನ್ನನ್ನು ಹತ್ತಿಸಿದರು. ಇದ್ರಿಸ ಕೋರ್ಟಿನ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಎರಡನೆಯ ಕಾಗದದಲ್ಲಿ ಒಂದು ನಿಷೇಧಿತ ಸಂಘದ ಹೆಸರು ಬರೆದಿದ್ದರು. ಅದರ ಖಾಯಂ ವಕೀಲ ನಾನಂತೆ. ಮಾಡಿದ್ದುಣ್ಣೋ ಮಹರಾಯ.

ಹೀಗೆ ನಾನೂ ಒಳಗೆ. ತಾಹೇರಾ ನನ್ನ ಸಹಿಗೆಂದು ಎರಡು ಸಲ ವಕಾಲತ್ತು ಕಳಿಸಿದಳೆಂದು ಹಾಸ್ನಾ ಬಂದು ಹೇಳಿದಳು. ಎರಡೂ ಜೈಲಿನ ಆಫೀಸು ದಾಟಿ ನನ್ನವರೆಗೆ ಬರಲಿಲ್ಲ. ಒಂಬತ್ತನೆಯ ದಿನ ಜೈಲಿನ ಗುಮಾಸ್ತ ತಾನಾಗಿ ಒಂದು ಕಾಗದ ಹಿಡಿದು ಬಂದ.

"ಸಹಿ ಮಾಡಿ ಚಾಚಾ. ನಿಮಗೊಬ್ಬ ವಕೀಲರನ್ನ ಗೊತ್ತು ಮಾಡಿದೀವಿ."

"ಯಾರು?"

"ಯಾರಾದ್ರೇನು, ಒಳ್ಳೆಯವರು. ತಂಟೆ ತಕರಾರು ಇಲ್ಲದೋರು."

ಕಾಗದ ಇಸಿದುಕೊಂಡು ಓದಿದೆ. ಮೇಲೆಲ್ಲ ಖಾಲಿ. ಕೆಳಗೆ ವಕೀಲರ ಜಾಗದಲ್ಲಿ 'ಒಪ್ಪಿದ್ದೇನೆ, ಮೊತಾಹಾರ್ ಹುಸೇನ್'. ಕೈಗೆ ಕೊಟ್ಟದ್ದನ್ನು ಅವನೂ ಓದದೆ ತಂದಿದ್ದ, ನಮ್ಮವರೇ ಅಲ್ಲವೇ. ನನಗೆ ನಗು ತಡೆಯಲಾಗಲಿಲ್ಲ.

"ಈ ವಕೀಲ ಬೇಡಪ್ಪ. ಇವನನ್ನ ಮೂವತ್ತೊಂದು ವರ್ಷದಿಂದ ಬಲ್ಲೆ."

ಅವನ ಪೆನ್ನು ತೆಗೆದುಕೊಂಡು ಆ ಸಹಿಗೆ ಗೀಟು ಹಾಕಿದೆ. ಅಲ್ಲಿ ತಾಹೇರಾಳ ಹೆಸರು ಬರೆದೆ, ಮೇಲೆ ನನ್ನ ಹೆಸರು, ಕೇಸಿನ ನಂಬರು. ಒಂದು ಜಾಗವನ್ನೂ ಖಾಲಿ ಬಿಡದೆ ತುಂಬಿ, ಎರಡು ಸಲ ಓದಿ, ಆಮೇಲೆ ಸಹಿ ಮಾಡಿದೆ. ಅವನು ಕಸಿದುಕೊಂಡು ಹೋದ. ಅದು ಕೋರ್ಟಿಗೆ ಹೋಯಿತೋ, ಚಹಾದ ಒಲೆಗೆ ಹೋಯಿತೋ, ಹೇಳುವವರಿಲ್ಲ. ಕೊನೆಯ ಖಾಲಿ ಕಾಗದ ಇನ್ನೂ ಅವರ ಹತ್ತಿರವೇ ಇದೆ.

ಲುತ್ಫಾಳನ್ನು ಆಸ್ಪತ್ರೆಯಿಂದ ವಾಪಸು ತಂದಿದ್ದಾರೆ. ಎರಡು ಬೆರಳು ಹೋದವು, ಕಾಲು ಉಳಿಯಿತು. ಗೋಡೆಯಾಚೆ ಹೆಂಗಸರ ವಾರ್ಡು. ಬೆಳಿಗ್ಗೆ ವಾರ್ಡರ್ ಹೆಸರು ಕೂಗುವಾಗ ಎಲ್ಲರೂ ಗೊಣಗಿದಂತೆ ಉತ್ತರ ಕೊಡುತ್ತಾರೆ. ನನ್ನ ಸರದಿ ಬಂದಾಗ ಮಾತ್ರ ಗಂಟಲು ಬಿಚ್ಚಿ ಕೂಗುತ್ತೇನೆ, ಗೋಡೆಯಾಚೆಗೂ ಕೇಳುವಷ್ಟು: "ಹಾಜರ್."