ಜಕಾತಿ ನಾಕಾದ ಜಾಗ

ಬಸ್ ಸ್ಟ್ಯಾಂಡಿನ ಹಿಂದಿನ ಒಂಬತ್ತು ತಗಡಿನ ಮನೆಗಳನ್ನು ತೆಗೆಸಿ ಅಲ್ಲಿ ಪಾರ್ಕಿಂಗ್ ಮಾಡುವ ಠರಾವು ನಗರ ಪರಿಷತ್ತಿನ ಸೋಮವಾರದ ಸಭೆಗೆ ಬರಲಿದೆ ಎಂಬ ಸುದ್ದಿ ಮಲಕವ್ವನಿಗೆ ಶುಕ್ರವಾರ ರಸ್ತೆ ಗುಡಿಸುವಾಗಲೇ ಸಿಕ್ಕಿತು. ಆ ಮನೆಗಳಲ್ಲಿದ್ದವರೆಲ್ಲ ನಗರ ಪರಿಷತ್ತಿನ ಸಫಾಯಿ ಕೆಲಸಗಾರರು. ಇಪ್ಪತ್ತೆರಡು ವರ್ಷ ಪೊರಕೆ ಹಿಡಿದ ಮಲಕವ್ವನೇ ಅವರ ಮುಂದಾಳು. ಅವರಿಗೆ ಊರಿನಿಂದ ನಾಲ್ಕು ಕಿಲೋಮೀಟರ್ ಆಚೆ, ಮುಚ್ಚಂಡಿ ರಸ್ತೆಯಲ್ಲಿ ಪಕ್ಕಾ ಮನೆ ಕೊಡುತ್ತಾರಂತೆ.

“ನಾಳಿಂದ ಕಸಾ ಎತ್ತೂದು ಬಿಟ್ಟಬಿಡೂಣು,” ಎಂದ ಕಸದ ಗಾಡಿ ಓಡಿಸುವ ಅಪ್ಪಾಸಾಬ.

“ಬ್ಯಾಡ. ಮಂದಿ ನಮ್ಮನ್ನ ಬೈತಾರ. ಊರಿಗಿ ಬರೂ ಗಾಡಿಗೋಳಿಗಿ ನಿಂದ್ರಾಕ ಜಾಗಾ ಬೇಕಾಗೇದ, ಅದು ಖರೇನ. ಆ ಜಾಗಾ ನಾವ ತೋರಸೂಣು,” ಎಂದಳು ಮಲಕವ್ವ.

ಆ ವಾರ್ಡಿನ ಸದಸ್ಯೆ ಶೈಲಾ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಿದ್ದಳು. ಮಲಕವ್ವ ಮಧ್ಯಾಹ್ನ ಅಲ್ಲಿಗೆ ಹೋದಳು.

“ಅಕ್ಕಾರ, ನಾಳಿ ಮುಂಜಾನಿ ಆರಕ್ಕ ನನ್ನ ಕೂಡ ಬರ್ರಿ. ಇಂಜಿನಿಯರ್ ಸಾಹೇಬರ್ನೂ ಕರಕೊಂಡ ಬರ್ರಿ. ಟೇಪ್ ಮರೀಬ್ಯಾಡ್ರಿ ಅಂತ ಹೇಳ್ರಿ ಅವರಿಗಿ.”

ಮರುದಿನ ಶೈಲಾಳ ಜೊತೆ ಪರಿಷತ್ತಿನ ಇಂಜಿನಿಯರ್ ಮಹಾಂತ ಟೇಪು ಹಿಡಿದು ಬಂದ. ಮಲಕವ್ವ ಇಬ್ಬರನ್ನೂ ಬಜಾರದ ಹಿಂದಿದ್ದ, ಊರೊಳಗೆ ಬರುವ ಸರಕಿಗೆ ಹಿಂದೆ ಸುಂಕ ವಸೂಲಿ ಮಾಡುತ್ತಿದ್ದ ಹಳೆಯ ಜಕಾತಿ ನಾಕಾಕ್ಕೆ ಕರೆದೊಯ್ದಳು. ಜಕಾತಿ ನಿಂತು ಎಷ್ಟೋ ವರ್ಷಗಳಾಗಿದ್ದವು. ಕೋಣೆಯ ಚಾವಣಿ ಕುಸಿದಿತ್ತು, ಸುತ್ತ ಜಾಲಿ ಬೆಳೆದಿತ್ತು. ಮುಂಭಾಗದಲ್ಲಿ ಪೈಪಿನ ವ್ಯಾಪಾರಿ ಈಶ್ವರ ತನ್ನ ಪೈಪುಗಳನ್ನು ಒಟ್ಟಿದ್ದ.

“ಇದು ಈಶ್ವರಣ್ಣಾರ ಜಾಗಾ ಅಲ್ಲೇನು?” ಎಂದಳು ಶೈಲಾ.

“ಎಲ್ಲಾರೂ ಹಂಗ ತಿಳಕೊಂಡಾರ. ಮಂದಿ ಜಾಗಾ ಆಗಿದ್ರ, ಪರಿಷತ್ತಿನವ್ರು ಪ್ರತಿ ವರ್ಷ ಇಲ್ಲಿ ಕಸಾ ತಗಿಯಾಕ ನಮ್ಮನ್ನ ಯಾಕ ಕಳಸ್ತಿದ್ರು?”

ಅವಳು ಪೊರಕೆಯ ಕೋಲಿನಿಂದ ಜಾಲಿಯನ್ನು ಸರಿಸಿದಳು. ಬುಡದಲ್ಲಿ ನಗರ ಪರಿಷತ್ತಿನ ಗುರುತು ಕೆತ್ತಿದ ಗಡಿಕಲ್ಲು ಇತ್ತು. ಮಹಾಂತ ಮೊಣಕಾಲೂರಿ ಮಣ್ಣು ಒರೆಸಿ ನೋಡಿದ. ನಾಲ್ಕೂ ಮೂಲೆಯ ಕಲ್ಲು ಹುಡುಕಿ ಅಳೆದಾಗ ಜಾಗ ಒಂಬತ್ತು ಮನೆಗಳ ಜಾಗದ ಒಂದೂವರೆ ಪಟ್ಟು ಬಂತು.

ಅಷ್ಟರಲ್ಲಿ ಪಕ್ಕದ ತನ್ನ ಅಂಗಡಿ ತೆರೆಯಲು ಈಶ್ವರ ಬಂದ. “ಏನ್ ನಡಸೀರಿ ಇಲ್ಲಿ?” ಎಂದು ದನಿ ಏರಿಸಿದ.

“ಅಣ್ಣಾರ, ನಿಮ್ಮ ಅಂಗಡಿಗಿ ಬರೂ ಟ್ರ್ಯಾಕ್ಟರ್ ಎಲ್ಲಿ ನಿಂದ್ರತಾವ?” ಮಲಕವ್ವ ಕೇಳಿದಳು.

“ರಸ್ತಾದಾಗ. ಪೊಲೀಸರು ಬಂದು ಓಡಸ್ತಾರ.”

“ಇನ್ನಮ್ಯಾಲ ಇಲ್ಲಿ ನಿಂದ್ರತಾವ. ಶೇಗಾಂವ, ಡಫಳಾಪುರದ ಗಿರಾಕಿ ನಿಮ್ಮ ಬಾಗಲಕ್ಕ ಬಂದು ಇಳೀತಾರ.”

ಈಶ್ವರ ಗಡಿಕಲ್ಲನ್ನೂ ತನ್ನ ಪೈಪುಗಳನ್ನೂ ನೋಡಿದ. “ಪೈಪ್ ಯಾವಾಗ ತಗೀಬೇಕು?” ಎಂದು ಕೇಳಿದ.

ಸೋಮವಾರ ಸಭೆಯಲ್ಲಿ ಮಹಾಂತ ಅಳತೆಯ ಕಾಗದ ಇಟ್ಟ. ಮಲಕವ್ವ ಮಾತಾಡಲು ಎದ್ದಾಗ, ಕೆಲಸಗಾರರು ಇಲ್ಲಿ ಮಾತಾಡುವ ಪದ್ಧತಿಯಿಲ್ಲ ಎಂದು ಸದಸ್ಯನೊಬ್ಬ ತಡೆದ. ಅಧ್ಯಕ್ಷೆ ಇಂದ್ರಾಬಾಯಿ, “ಜಾಗಾ ಹುಡುಕಿದಾಕಿ ಅಕಿ. ಮಾತಾಡ್ಲಿ,” ಎಂದರು. ಮಲಕವ್ವ ಸಭೆಯ ಭಾಷೆಯಾದ ಮರಾಠಿಯಲ್ಲಿ ಶುರುಮಾಡಿ ಎರಡನೇ ಮಾತಿಗೇ ಕನ್ನಡಕ್ಕೆ ಬಂದಳು. ಗಡಿಯ ಆ ಊರಿನಲ್ಲಿ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ.

“ಮಂದಿ ಏಳೂದ್ರೊಳಗ ಊರು ಚೊಕ್ಕ ಆಗಬೇಕಂದ್ರ ಗುಡಸಾವ್ರು ಊರಾಗ ಇರಬೇಕ್ರಿ. ಅಷ್ಟ ನಸುಕಿನ್ಯಾಗ ಮುಚ್ಚಂಡಿ ಕಡಿಂದ ಬಸ್ ಇಲ್ಲ. ಪಕ್ಕಾ ಮನಿ ನಮಗೂ ಬೇಕು. ನಾವ ಇದ್ದಲ್ಲೇ ಕಟ್ರಿ.”

“ಪಾರ್ಕಿಂಗ್ ನೋಡಕೊಳ್ಳಾಕ ಮಂದಿ ಬೇಕಲ್ಲ?” ಎಂದರು ಇಂದ್ರಾಬಾಯಿ.

“ನಮ್ಮ ಓಣಿ ಯಮನವ್ವ, ಕಾಜಲ್ ಅದಾರ. ಇಬ್ಬರೂ ಓದಾಕ ಬರಿಯಾಕ ಬಲ್ಲರು. ಪಗಾರದ ಮ್ಯಾಲ ತಗೋರಿ.”

ಹಳೆಯ ಠರಾವು ಬಿತ್ತು. ನಾಕಾದಲ್ಲಿ ಪಾರ್ಕಿಂಗ್, ಇದ್ದಲ್ಲೇ ಪಕ್ಕಾ ಮನೆ ಎಂಬ ಹೊಸದಕ್ಕೆ ಇಬ್ಬರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಶೈಲಾ ಎರಡೂ ಕೈ ಎತ್ತಿದ್ದನ್ನು ಕಂಡು ಗುಮಾಸ್ತ ನಕ್ಕ.

ಮೂರು ತಿಂಗಳಲ್ಲಿ ಜಾಲಿ ಹೋಗಿ ನಾಕಾದ ಜಾಗದಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತವು. ಮಹಾಂತ ಮನೆಗಳ ನಕ್ಷೆ ತಂದು ಮಲಕವ್ವನ ಅಂಗಳದಲ್ಲಿ ಹಾಸಿದ. ಹೆಂಗಸರೆಲ್ಲ ಸುತ್ತ ಕೂತರು. ಮಲಕವ್ವ ಒಂದು ಗೆರೆಯ ಮೇಲೆ ಬೆರಳಿಟ್ಟಳು.

“ಸಾಹೇಬ್ರ, ಬಚ್ಚಲಾ ಈ ಕಡಿ ಹಾಕೀರಿ. ನೆಲದ ಇಳಕಲ ಆ ಕಡಿ ಅದ. ಬಚ್ಚಲ ನೀರು ಮನಿ ಒಳಗ ಬರತಾವ.”

ಮಹಾಂತ ಎದ್ದು ನೆಲದ ಇಳಿಜಾರು ನೋಡಿ ಬಂದ. ಜೇಬಿನಿಂದ ಪೆನ್ಸಿಲ್ ತೆಗೆದು ಆ ಗೆರೆಯನ್ನು ಹೊಡೆದುಹಾಕಿದ.

“ಮತ್ತೇನರ ಅದ ಏನ್ರಿ?” ಎಂದ.

“ಕುಂದ್ರಿ,” ಎಂದಳು ಮಲಕವ್ವ. “ಭಾಳ ಅದಾವ.”