ಆಟ ಮುಗಿದ ಮೇಲಿನ ಟೇಪು

ಅವಸರದವರಿಗೆ ಈ ಕಸುಬು ಹೇಳಿಸಿದ್ದಲ್ಲ. ಎರಡು ಗಂಟೆಯ ಹಳೇ ವಿಡಿಯೋ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸಬೇಕಾದರೆ ಎರಡು ಗಂಟೆ ಕೂರಲೇಬೇಕು. ತಲೆಕೆಳಗಾಗಿ ನಿಂತರೂ ಒಂದು ನಿಮಿಷ ಉಳಿಯುವುದಿಲ್ಲ. ಕ್ಯಾಸೆಟ್ ಇಳಿಸಿಕೊಡುವ ಅಂಗಡಿ ಇಟ್ಟು ಊರಿಗೆಲ್ಲ ಟೇಪಕ್ಕ ಆಗಿದ್ದವಳು ಹಾಗೆ ಕೂತು ಕೂತೇ ಅರ್ಧ ಊರಿನ ಮದುವೆಗಳನ್ನೂ ಕುಡಿದು ಕುಣಿಯುವ ಚಿಕ್ಕಪ್ಪಂದಿರನ್ನೂ ನೋಡಿ ಮುಗಿಸಿದ್ದಳು. ಆದರೆ ಅಂಗಡಿಯ ಹೊರಗೆ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ.

ಆ ಮಧ್ಯಾಹ್ನ ಎದುರಿನ ಕನ್ನಡಕದಂಗಡಿಯ ಹುಡುಗಿ ಒಂದೇ ಒಂದು ಕ್ಯಾಸೆಟ್ ತಂದಳು.

"ಅಟ್ಟದ ಮೇಲೆ ಹಳೇ ಹೀಟರಿನ ಹಿಂದೆ ಸಿಕ್ತು ಅಕ್ಕಾ. ಇದ್ರಲ್ಲಿ ಅಮ್ಮ ಇದಾರೇನೋ ಅಂತ. ನಾನು ಎರಡು ವರ್ಷದವಳಿದ್ದಾಗ ನಮ್ಮನ್ನ ಬಿಟ್ಟು ಹೋದ್ರಂತೆ. ಅಪ್ಪ ಒಂದು ಫೋಟೋನೂ ಇಟ್ಟಿಲ್ಲ. ಒಂದ್ಸಲ ಮುಖ ನೋಡ್ಬೇಕು." ಸ್ವಲ್ಪ ತಡೆದು ನಕ್ಕಳು. "ನೋಡಿ ಚೆನ್ನಾಗಿ ಬೈಬೇಕು."

ಟೇಪಕ್ಕ ಕ್ಯಾಸೆಟ್ಟನ್ನು ತಿರುಗಿಸಿ ಅಂಚು ಸವರಿದಳು. ಮೂಲೆಯ ಪ್ಲಾಸ್ಟಿಕ್ ತುಂಡು ಮುರಿದಿತ್ತು. ಮುರಿದ ಜಾಗಕ್ಕೆ ಅಂಟುಪಟ್ಟಿ ಹಚ್ಚಿತ್ತು.

"ಈ ತುಂಡು ಮುರಿದ್ರೆ ಇದರ ಮೇಲೆ ಬೇರೇನೂ ರೆಕಾರ್ಡ್ ಮಾಡೋಕಾಗಲ್ಲ. ಯಾರೋ ಇದು ಉಳೀಲಿ ಅಂತ ಮುರಿದಿದಾರೆ."

"ಮತ್ತೆ ಈ ಪಟ್ಟಿ?"

"ಆ ಜಾಗ ಮುಚ್ಚಿದ್ರೆ ಮತ್ತೆ ರೆಕಾರ್ಡ್ ಆಗುತ್ತೆ. ಅಳಿಸ್ಬೇಕು ಅಂತ ಇನ್ಯಾರೋ ಹಚ್ಚಿದಾರೆ."

ಹಾಕಿದರೆ, ಫುಟ್‌ಬಾಲು. ಹುಡುಗಿಯ ಮುಖ ಸಣ್ಣದಾಯಿತು. ಆದರೂ ಕೂತಳು. ಆಟ ಇನ್ನೇನು ಮುಗಿಯಬೇಕು, ಅವಳಿಗೆ ಅಪ್ಪನ ಫೋನು ಬಂತು. ಅಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲದ ಹುಡುಗಿ, ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಲ್ಲವನ್ನೂ ಒಪ್ಪಿಸಿಬಿಟ್ಟಳು.

"ಅದ್ರಲ್ಲಿ ಬರೀ ಆಟ ಇರೋದು ಮಗಳೇ," ಎಂದ ದನಿ ಟೇಪಕ್ಕನಿಗೂ ಕೇಳಿಸಿತು. "ಆಟ ಮುಗಿದ ಕೂಡ್ಲೇ ನಿಲ್ಲಿಸೋಕೆ ಹೇಳು. ನಾನೇ ಬರ್ತಾ ಇದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫುಟ್‌ಬಾಲಿಗೆ ಇಷ್ಟು ಗಾಬರಿ ಯಾಕೆ? ಟೇಪಕ್ಕ ಯಂತ್ರ ನಿಲ್ಲಿಸಲಿಲ್ಲ. ಆಟ ಮುಗಿದರೂ ಟೇಪು ಮುಗಿದಿರುವುದಿಲ್ಲ. ಅಳಿಸಲು ಕೂತವರು ಅಷ್ಟು ಹೊತ್ತು ಕಾಯುವುದಿಲ್ಲ, ಹಳೆಯದು ಬಾಲದಲ್ಲಿ ಉಳಿದಿರುತ್ತದೆ. ಕೊನೆಯ ಸುತ್ತಿನವರೆಗೂ ಓಡಿಸುವುದು ಅವಳ ಪದ್ಧತಿ.

ಆಟಗಾರರು ಕೈ ಕುಲುಕಿದರು. ತೆರೆಯ ತುಂಬ ಚುಕ್ಕಿ ಸುರಿಯಿತು. ಆಮೇಲೆ ಒಂದು ಅಡುಗೆಮನೆ, ಮೇಜಿನ ಮುಂದೆ ಒಬ್ಬ ಹೆಂಗಸು. ಅದೇ ಮೂಗು, ಅದೇ ಗಲ್ಲ. ಹುಡುಗಿ ಕುರ್ಚಿಯಿಂದ ಎದ್ದು ತೆರೆಯ ಹತ್ತಿರ ಹೋದಳು.

"ಪುಟ್ಟಾ," ಎಂದಳು ತೆರೆಯ ಮೇಲಿನವಳು, ಬಹಳ ಮೆಲ್ಲಗೆ. "ನಾಳೆ ಬೆಳಿಗ್ಗೆ ನಾವಿಬ್ರೂ ಹೊರಡ್ತೀವಿ. ನಿನ್ನ ಬಟ್ಟೆನೇ ಮೊದ್ಲು ಮಡಚಿ ಇಟ್ಟಿದೀನಿ. ನಿನ್ನ ಬಿಟ್ಟು ನಾನೊಬ್ಳೇ ಹೋದೆ ಅಂತ ಯಾರಾದ್ರೂ ಅಂದ್ರೆ ನಂಬಬೇಡ ಕಂದಾ. ನಂಗೇನೋ ಆಗಿದೆ ಅಂತ ತಿಳ್ಕೋ."

ಎಲ್ಲಿಂದಲೋ ಗಂಡು ದನಿಯೊಂದು ಕರೆಯಿತು, ಪ್ರೀತಿಯಿಂದಲೇ. ಹೆಂಗಸು ಬಾಗಿಲ ಕಡೆ ನೋಡಿದಳು. ಟೇಪು ಮುಗಿಯಿತು.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಬೈಯಲು ಬಂದವಳ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಟೇಪಕ್ಕ ಅದೆಲ್ಲ ಇಳಿದಿದ್ದ ಡಿಸ್ಕನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಇಸ್ತ್ರಿ ಮಾಡಿದ ಶರ್ಟಿನ, ಬೆಳ್ಳಗಿನ ಕೂದಲಿನ ಮನುಷ್ಯ. ಇಂಥವರಿಗೆ ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಡುತ್ತಾರೆ.

"ಆಟ ಮುಗೀತಾ?"

"ಮುಗೀತು ಅಪ್ಪಾ."

ಅವನು ಮಗಳ ಒದ್ದೆ ಕೆನ್ನೆಯನ್ನು ನೋಡಿದ. ಕ್ಯಾಸೆಟ್ಟಿಗೆ ಕೈ ಚಾಚಿದ. ಟೇಪಕ್ಕ ಅದನ್ನು ಯಂತ್ರದಿಂದ ತೆಗೆದು ಕೊಟ್ಟಳು. ಅವನು ಅದರ ಮುಚ್ಚಳ ಎತ್ತಿ, ಒಳಗಿನ ಕಪ್ಪು ಟೇಪನ್ನು ಬೆರಳಿಗೆ ಸಿಕ್ಕಿಸಿ, ಮೊಳ ಮೊಳವಾಗಿ ಎಳೆದು ನೆಲಕ್ಕೆ ಹಾಕಿದ. ಸ್ವಲ್ಪವೂ ಅವಸರವಿರಲಿಲ್ಲ.

"ನಡಿ, ಮನೆಗೆ ಹೋಗೋಣ."

"ನಾನು ಬರಲ್ಲ."

"ಅವಳು ಇವತ್ತು ನನ್ನ ಜೊತೆ ಇರ್ಲಿ ಸ್ವಾಮಿ," ಎಂದಳು ಟೇಪಕ್ಕ.

ಅವನು ಕೇಳಿಸಿಕೊಳ್ಳದವನಂತೆ ಮಗಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದ.

"ನನ್ನ ಬಿಟ್ಟು ಎಲ್ಲಿಗೆ ಹೋಗ್ತೀಯ ಮಗಳೇ? ನಿಮ್ಮಮ್ಮನೂ ಎಲ್ಲಿಗೂ ಹೋಗ್ಲಿಲ್ಲ."