ಕತ್ತರಿಯ ತನಕ

ಜನಾಬಾಯಿಯ ತಲೆಯನ್ನು ಮಡಿಲಿಗೆ ಒರಗಿಸಿಕೊಂಡು ಸಾರಿಕಾ ಜಟೆಯ ಬುಡಕ್ಕೆ ಉಗುರುಬೆಚ್ಚಗಿನ ನೀರು ಬಿಡುತ್ತಿದ್ದಳು. ಹನ್ನೊಂದು ವರ್ಷ ಬಾಚಣಿಗೆ ಕಾಣದ ಕೂದಲು ಹಗ್ಗದಂತೆ ಹೊಸೆದುಕೊಂಡು ಸೊಂಟದ ತನಕ ಇಳಿದಿತ್ತು. ನೀರು ಕುಡಿದಷ್ಟೂ ಅದರ ಭಾರ ಹೆಚ್ಚುತ್ತಿತ್ತು. ಎಡಗಿವಿಯ ಹಿಂದೆ, ಜಟೆ ಎಳೆದೆಳೆದು ಚರ್ಮ ಬಿಟ್ಟ ಕಡೆ, ಹುಣಸೆ ಬೀಜದಷ್ಟು ಅಗಲದ ಹುಣ್ಣು. ಹತ್ತಿಯಿಂದ ಅದನ್ನು ಒತ್ತಿ ಒರೆಸಿದಾಗ ಜನಾಬಾಯಿ ಹಲ್ಲು ಕಚ್ಚಿದಳು.

"ಉರೀತೈತೇನ್ರಿ ಮಾವಶಿ?"

"ಉರೀಲಿ ಬಿಡ್ರಿ. ನಿಮ್ಮ ಕೈ ಹಗುರ ಐತಿ. ನಮ್ಮ ಸೊಸಿ ಹಚ್ಚಿದ್ರ ಎತ್ತಿನ ಹೆಗಲಿಗೆ ಎಣ್ಣಿ ಹಚ್ಚಿದಂಗ ಹಚ್ಚತಾಳ."

ಸಾರಿಕಾ ಕೊಕಟನೂರಿಗೆ ಬಂದು ಅಂದಿಗೆ ನಾಲ್ಕನೆಯ ದಿನ, ಬುಧವಾರ. ನಿಪ್ಪಾಣಿಯ ಧಮ್ಮ ಪ್ರಚಾರ ಮಂಡಳಿಗೆ ಸೇರಿ ಒಂದು ವರ್ಷವಾಗಿತ್ತು. ದೀಪಾವಳಿ ರಜೆಗೆ ಉಳಿದ ಪ್ರಚಾರಕರೆಲ್ಲ ಊರು ಸೇರಿದಾಗ ಅವಳು ಮಾತ್ರ ಆ ವಾರವನ್ನು ಸೇವೆಗೆ ಕೊಡುತ್ತೇನೆಂದು ಕೇಳಿ ಈ ಊರನ್ನು ಪಡೆದಿದ್ದಳು. ಓಣಿಯ ಕೊನೆಗಿದ್ದ ತಗಡಿನ ಒಂದೇ ಕೋಣೆಯ ಬುದ್ಧವಿಹಾರದಲ್ಲಿ ಅವಳ ವಾಸ. ಬೆಳಿಗ್ಗೆ ಆರಕ್ಕೆ ವಂದನೆ, ಆಮೇಲೆ ಕಸ ಗುಡಿಸುವುದು, ಮಕ್ಕಳಿಗೆ ಗಣಿತ, ಮಧ್ಯಾಹ್ನ ಮನೆ ಮನೆ ಭೇಟಿ, ಸಂಜೆ ಮತ್ತೆ ವಂದನೆ. ತ್ರಿಶರಣ ಹೇಳುವಾಗ ಐದಾರು ಮುದುಕಿಯರು ದನಿಗೂಡಿಸುತ್ತಿದ್ದರು. ಮಕ್ಕಳು ಮಾತ್ರ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಚುರುಮುರಿ ಡಬ್ಬಿಯನ್ನು ಕಾಯುತ್ತಿದ್ದರು.

ಕೊಕಟನೂರು ಎಂದಾಗ ಕರೋಶಿಯಲ್ಲಿದ್ದ ತಾಯಿ ಸುಜಾತಾ ಒಪ್ಪಿರಲಿಲ್ಲ. "ಅಲ್ಲ್ಯಾಕ? ಬ್ಯಾರೆ ಊರ ಸಿಗಲಿಲ್ಲೇನ ನಿಮ್ಮ ಮಂಡಳಿಗೆ?" ಎಂದು ಫೋನಿನಲ್ಲಿ ಎರಡು ಸಲ ಕೇಳಿದ್ದಳು. ಯಲ್ಲಮ್ಮನ ಗುಡಿಯ ಊರು ಎಂದು ತಾಯಿಗೆ ಬೇಸರ ಎಂದುಕೊಂಡು ಸಾರಿಕಾ ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಅವಳು ಆ ಊರನ್ನು ಆರಿಸಿದ್ದೇ ಗುಡಿಯ ಕಾರಣಕ್ಕೆ. ಜಟೆ ಬಿಟ್ಟ ಹೆಂಗಸರು, ಯಲ್ಲಮ್ಮ ತಾಯಿ ಮೈಮೇಲೆ ಬಂದಿದ್ದಾಳೆಂದು ಅದನ್ನು ಮುಟ್ಟಲೂ ಹೆದರುವವರು, ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಇದ್ದರು. ಶನಿವಾರ ವಿಹಾರದಲ್ಲಿ ಹೆಂಗಸರ ಸಭೆ. ಅಷ್ಟರೊಳಗೆ ಒಬ್ಬಳಾದರೂ ಜಟೆ ತೆಗೆಸಿಕೊಂಡರೆ ಉಳಿದವರಿಗೆ ಧೈರ್ಯ ಬರುತ್ತದೆ ಎಂಬುದು ಅವಳ ಲೆಕ್ಕ.

ಗುಡಿಯ ಹಾದಿಯಲ್ಲಿ ಕಾಯಿ, ಬಳೆ ಮಾರುವ ಜನಾಬಾಯಿ ಮೊದಲ ದಿನವೇ ಕತ್ತು ನೋವೆಂದು ಬಂದಿದ್ದಳು. ಸಾರಿಕಾ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಒಂದು ಎಳೆ ಕೂದಲನ್ನು ಬಿಳಿ ಹಾಳೆಯ ಮೇಲಿಟ್ಟು ಭೂತಗನ್ನಡಿ ಹಿಡಿದು ತೋರಿಸಿದ್ದಳು. ಕೂದಲಿನ ಮೈಮೇಲೆ ಮೀನಿನ ಪೊರೆಗಳಂಥ ಪದರಗಳಿರುತ್ತವೆ, ಬೆವರು, ಧೂಳು, ಗುಡಿಯಲ್ಲಿ ಹಚ್ಚುವ ಭಂಡಾರದ ಅರಿಶಿನ ಸೇರಿ ಒಂದರ ಪೊರೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ, ಬಾಚದಿದ್ದರೆ ಯಾರ ತಲೆಯಲ್ಲಾದರೂ ಹೀಗೇ ಆಗುತ್ತದೆ ಎಂದು ಮೂರು ದಿನ ವಿವರಿಸಿದ್ದಳು. ಜನಾಬಾಯಿ ಗಮನವಿಟ್ಟು ಕೇಳಿ, "ಖರೇ ಇರಬೇಕ್ರಿ. ಕಲತಾವ್ರು ಸುಳ್ಳ ಯಾಕ ಹೇಳತೀರಿ?" ಎಂದು ಒಪ್ಪಿ, ಕತ್ತರಿ ಹೊರಗೆ ತೆಗೆದ ಕೂಡಲೇ ಎದ್ದುಹೋಗಿದ್ದಳು.

ಇವತ್ತು ಸಾರಿಕಾ ತನ್ನ ಕಥೆಯನ್ನೇ ಹೇಳಿದಳು. ಇಪ್ಪತ್ತಾರು ಊರುಗಳಲ್ಲಿ ಹೇಳಿದ ಕಥೆ. ಮಂಡಳಿಯ ಪುಸ್ತಿಕೆಯಲ್ಲಿ ಅಚ್ಚಾದದ್ದು. ಏಳು ವರ್ಷದವಳಿದ್ದಾಗ ವಿಷಮಶೀತ ಜ್ವರ ಬಂದು ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ಜ್ವರ ಬಿಟ್ಟಾಗ ತಲೆಯಲ್ಲಿ ಜಟೆ ಕಟ್ಟಿತ್ತು. ಇವಳು ಇನ್ನು ಯಲ್ಲಮ್ಮ ತಾಯಿಯ ಮಗಳು, ಕೂದಲು ಮುಟ್ಟಬೇಡಿ ಎಂದು ಓಣಿಯೆಲ್ಲ ಹೇಳಿತು. ಆಗಷ್ಟೇ ವಿಹಾರಕ್ಕೆ ಹೋಗತೊಡಗಿದ್ದ ಸುಜಾತಾ ಯಾರ ಮಾತನ್ನೂ ಕೇಳದೆ, ಬಾಬಾಸಾಹೇಬರ ಫೋಟೋದ ಮುಂದೆ ಮಗಳನ್ನು ಕೂರಿಸಿ, ಬಟ್ಟೆ ಹೊಲಿಯುವ ಕತ್ತರಿಯಿಂದ ಅದನ್ನು ಕತ್ತರಿಸಿ ಒಗೆದಳು.

"ಏನೂ ಆಗಲಿಲ್ಲೇನ್ರಿ ಮತ್ತ?" ಜನಾಬಾಯಿ ಕೇಳಿದಳು. "ನಿಮಗಲ್ಲ, ನಿಮ್ಮ ಆಯಿಗೆ. ಕೊಯ್ದಾಕಿಗೆ ಹತ್ತೂದ ಅದು."

"ಏನೂ ಆಗಿಲ್ರಿ. ಗಟ್ಟಿಮುಟ್ಟ ಅದಾಳ. ಬೇಕಾದ್ರ ನೋಡ್ರಿ."

ಕೈ ಒರೆಸಿಕೊಂಡು ಸಾರಿಕಾ ಮೊಬೈಲ್ ತೆಗೆದಳು. ಪದವಿ ಪ್ರದಾನದ ದಿನ ತೆಗೆದ ಫೋಟೋ; ಕರಿ ನಿಲುವಂಗಿ ತೊಟ್ಟ ಮಗಳ ಪಕ್ಕದಲ್ಲಿ ಸುಜಾತಾ ಬಿಳಿ ಸೀರೆಯಲ್ಲಿ ನಿಂತಿದ್ದಳು. ಜನಾಬಾಯಿ ಎದ್ದು ಕುಳಿತು ಮೊಬೈಲನ್ನು ಮೊಳದಷ್ಟು ದೂರ ಹಿಡಿದು ನೋಡಿದಳು. ಆಮೇಲೆ ಹತ್ತಿರ ತಂದಳು.

"ಈಕಿ ಕರೋಶಿ ಸುಜಾತಾ ಅಲ್ಲೇನ?"

"ಹೌದ್ರಿ. ಪುಸ್ತಕದಾಗ ನೋಡಿದ್ರೇನು?"

"ಪುಸ್ತಕ ಎಲ್ಲೀದ್ರಿ ನನಗ. ವರ್ಸಾ ವರ್ಸಾ ಗುಡಿಗೆ ಬರತಾಳಲ್ಲ. ದೀಪಾವಳಿ ಆದ ಮ್ಯಾಲ ಮೊದಲನೇ ಶುಕ್ರವಾರ. ಹಸರ ಬಳಿ ನನ್ನ ಕಡೇನ ತಗೋತಾಳ, ಚಪ್ಪಲಿ ನನ್ನ ಕಡೇನ ಬಿಟ್ಟ ಹೋಗತಾಳ. 'ಮಗಳ ಜಟಿ ಕೈಯಾರೆ ಕೊಯ್ದೀನಿ, ತಪ್ಪ ನಂದು, ಹುಡುಗೀನ್ನ ಬಿಡು' ಅಂತ ಬೇಡಕೋತಾಳ." ಜನಾಬಾಯಿ ನಕ್ಕು ಸಾರಿಕಾಳ ಗದ್ದ ಹಿಡಿದಳು. "ಆ ಹುಡುಗಿ ನೀವ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?"

ಸಾರಿಕಾ ಮೊಬೈಲ್ ಇಸಿದುಕೊಂಡಳು. ಬೇರೆ ಯಾರನ್ನೋ ನೋಡಿರಬಹುದು ಎನ್ನಲು ಬಾಯಿ ತೆರೆದಳು. ಆದರೆ ಊರು, ಹೆಸರು, ದಿನ ಮೂರೂ ಕೂಡಿಬಂದಿದ್ದವು. ದೀಪಾವಳಿಯ ಮರುವಾರ ಸುಜಾತಾ ಇಲ್ಲೇ ಹತ್ತಿರದ ಅಥಣಿಗೆ, ಅಕ್ಕನ ಮನೆಗೆ ಎಂದು ಹೋಗುತ್ತಿದ್ದಳು. ಪ್ರತಿ ವರ್ಷ ಶುಕ್ರವಾರವೇ. ತಾನೂ ಬರುತ್ತೇನೆಂದು ಸಣ್ಣವಳಿದ್ದಾಗ ಹಟ ಹಿಡಿದರೆ ಸಾಲಿ ತಪ್ಪತೈತಿ ಎನ್ನುತ್ತಿದ್ದಳು. ಸಾಲಿಗೆ ರಜೆ ಇದ್ದ ವರ್ಷವೂ ಹಾಗೇ ಅಂದಿದ್ದಳು. ಸಾರಿಕಾಗೆ ಅದು ಈಗ ಹೊಳೆಯಿತು.

ಜನಾಬಾಯಿ ಬೇರೇನನ್ನೋ ಯೋಚಿಸುತ್ತಿದ್ದಳು. ಜಟೆಯನ್ನು ಮುಂದಕ್ಕೆ ಎಳೆದುಕೊಂಡು ತೂಗಿ ನೋಡಿದಳು.

"ಹಂಗಾದ್ರ ಕೊಯ್ಯಾಕ ಬರತೈತಿ. ಕೊಯ್ದು, ವರ್ಸಕ್ಕೊಮ್ಮಿ ಬಳಿ ಏರಿಸಿ ಕೈ ಮುಗದ್ರ ಆಕಿ ಸುಮ್ನಿರತಾಳ. ಹನ್ನೊಂದ ವರ್ಸ ಇದನ್ನ ಯಾರೂ ಹೇಳಲಿಲ್ಲ ನೋಡ್ರಿ ನನಗ."

"ಹಂಗಲ್ರಿ ಮಾವಶಿ. ಬಳಿಗೂ ಇದಕ್ಕೂ ಸಂಬಂಧ ಇಲ್ಲ."

"ಇರಲಿ, ಇರದ ಇರಲಿ. ನಿಮ್ಮ ಆಯಿ ಹದಿನಾರ ವರ್ಸ ನಡಿಸ್ಯಾಳ, ಏನೂ ಆಗಿಲ್ಲ. ನೀವ ತೋರಿಸಿದ್ರಿ. ಕೊಯ್ರಿ."

ಹುಣ್ಣಿನಿಂದ ಮತ್ತೆ ನೀರೊಸರುತ್ತಿತ್ತು. ಸಾರಿಕಾ ಅದನ್ನು ನೋಡಿದಳು, ಕತ್ತರಿ ತೆಗೆದುಕೊಂಡಳು. ಒದ್ದೆ ನಾರಿನಂತೆ ಜಟೆ ಜಾರುತ್ತಿತ್ತು. ಸ್ವಲ್ಪ ಸ್ವಲ್ಪವೇ ಕಚ್ಚಿ ಕತ್ತರಿಸಲು ಅರ್ಧ ತಾಸು ಹಿಡಿಯಿತು. ಕೊನೆಯ ಎಳೆ ತುಂಡಾದಾಗ ಜನಾಬಾಯಿಯ ತಲೆ ತಾನಾಗಿ ಮುಂದಕ್ಕೆ ಬಾಗಿತು. ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ, ಮನೆಯಲ್ಲಿ ಏನೋ ಕಳೆದುಕೊಂಡವಳಂತೆ ಸುತ್ತಲೂ ನೋಡಿದಳು. ಕತ್ತರಿಸಿದ ಜಟೆಯನ್ನು ಸುಡಬೇಕೆಂದು ಮಂಡಳಿಯ ನಿಯಮ. ಜನಾಬಾಯಿ ಅದನ್ನು ಹಳೆ ಕುಪ್ಪಸದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಸಾರಿಕಾ ಅದನ್ನು ವಾಪಸ್ ಕೇಳಲಿಲ್ಲ.

ಸಂಜೆಯ ವಂದನೆಗೆ ಇನ್ನೂ ಹೊತ್ತಿತ್ತು. ವಿಹಾರದ ಹಿಂದೆ, ಕಬ್ಬಿನ ಹೊಲದ ಬದುವಿನ ಮೇಲೆ ನಿಂತು ಅವಳು ಮನೆಗೆ ಫೋನ್ ಮಾಡಿದಳು.

"ಆಯಿ, ವರ್ಸಾ ಅಥಣಿಗೆ ಯಾಕ ಹೋಗತಿದ್ದಿ?"

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಒಲೆ ಆರಿಸಿದ ಸದ್ದು. "ಯಾರ ಹೇಳಿದ್ರ ನಿನಗ?"

ಇಲ್ಲ ಎನ್ನುತ್ತಾಳೆ ಎಂದು ಸಾರಿಕಾ ಅಷ್ಟು ಹೊತ್ತು ಕಾದಿದ್ದಳು. "ಪಪ್ಪಾಗ ಗೊತ್ತೈತೇನು?"

"ಮೊದಲನೇ ವರ್ಸ ಅವರ ಬಸ್ಸಿಗೆ ಹತ್ತಿಸಿ ಬಂದಿದ್ರು."

"ನನಗೊಬ್ಬಾಕಿಗಷ್ಟ ಗೊತ್ತಿಲ್ಲ. ಇಪ್ಪತ್ತಾರ ಊರಾಗ ನಿನ್ನ ಕಥಿ ಹೇಳೀನಿ ನಾ. ಎದಿ ಮುಟ್ಟಕೊಂಡ ಹೇಳೀನಿ."

"ಕಥಿ ಸುಳ್ಳಲ್ಲ ಮಗಳ. ಕತ್ತರಿ ಹಿಡದಾಕಿ ನಾನ. ಮರುದಿನ ನಿನಗ ಮತ್ತ ಜ್ವರ ಬಂತು, ಅದು ನಿನಗ ನೆನಪಿಲ್ಲ. ನೀ ಓದಿದಾಕಿ, ಜ್ವರ ಯಾಕ ತಿರಗಿ ಬರತೈತಿ ಅನ್ನೂದು ಈಗ ನಿನಗ ಗೊತ್ತು. ಆವತ್ತ ನನಗ ಯಾರ ಹೇಳಬೇಕಿತ್ತು?"

"ನನಗರ ಹೇಳಬೇಕಿತ್ತಲ್ಲ ನೀ."

"ಹೇಳಿದ್ರ ನೀ ಇಷ್ಟ ಧೈರ್ಯಸ್ತಿ ಆಗತಿದ್ದೇನು?" ಸುಜಾತಾಳ ದನಿ ತಗ್ಗಿತು. "ಸಾರೂ, ನೀ ಅಲ್ಲೇ ಅದಿ ಅಂತ ಈ ವರ್ಸ ನಾ ಬರೂಹಂಗಿಲ್ಲ. ನಾಡದ ಶುಕ್ರವಾರ. ಒಂದ ಡಜನ್ ಬಳಿ ಅಷ್ಟ. ನೀ ಒಳಗ ಹೋಗಬ್ಯಾಡ, ಜನಾಬಾಯಿ ಕೈಯಾಗ ಕೊಟ್ಟರೂ ನಡೀತೈತಿ."

ಸಾರಿಕಾ ಫೋನ್ ಕಟ್ ಮಾಡಿದಳು. ಆ ಸಂಜೆ ವಂದನೆಯ ಎಲ್ಲ ಸಾಲುಗಳೂ ಬಾಯಿಗೆ ಸರಿಯಾಗಿಯೇ ಬಂದವು. ಒಂದೂ ತಪ್ಪಲಿಲ್ಲ ಎಂಬುದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಶುಕ್ರವಾರ ಅವಳು ಗುಡಿಯ ಹಾದಿಗೆ ಹೋಗಲಿಲ್ಲ. ಇಡೀ ದಿನ ವಿಹಾರದ ಗೋಡೆಗೆ ಸುಣ್ಣ ಬಳಿದಳು.

ಶನಿವಾರ ಮಧ್ಯಾಹ್ನ ಬಾಳೇಶ ಸರ್ ಬೈಕಿನಲ್ಲಿ ಬಂದರು. ಮಂಡಳಿ ಕಟ್ಟಿದವರು, ಸಾರಿಕಾಳನ್ನು ಕರೆತಂದು ಭಾಷಣ ಕಲಿಸಿದವರು, ಪುಸ್ತಿಕೆ ಬರೆದವರೂ ಅವರೇ. ಹೊಸ ಸುಣ್ಣ ನೋಡಿ ಖುಷಿಪಟ್ಟರು. ಜನಾಬಾಯಿಯ ಸುದ್ದಿ ಕೇಳಿ ಇನ್ನೂ ಖುಷಿಪಟ್ಟರು.

"ಸರ್, ಇವತ್ತ ನಾ ನನ್ನ ಕಥಿ ಹೇಳೂದಿಲ್ರಿ." ಅವಳು ಎಲ್ಲವನ್ನೂ ಹೇಳಿದಳು.

ಬಾಳೇಶ ಸರ್ ಹೆಲ್ಮೆಟ್ಟಿನ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ನಂಗ ಗೊತ್ತಿತ್ತವಾ. ಪುಸ್ತಕ ಬರಿಯೂ ಮುಂದ ನಿಮ್ಮ ಆಯಿ ಎಲ್ಲಾ ಹೇಳಿದ್ರು. ಅತ್ತಬಿಟ್ರು ಪಾಪ."

"ನೀವು ಬರೀಲಿಲ್ಲ."

"ಕತ್ತರಿ ತನಕ ಬರದೆ. ಅದು ಖರೇ ಹೌದಲ್ಲೋ? ಅರ್ಧ ಮನ್ಯಾಗ ಹಿಂಗ ಐತಿ ಸಾರಿಕಾ. ಒಂದ ತಲಿಮಾರ್ನ್ಯಾಗ ಎಲ್ಲಾ ಹೋಗೂದಿಲ್ಲ. ನೀನೂ ಅಲ್ಲೀತನ ಹೇಳು, ನಿಲ್ಲಿಸು. ಸುಳ್ಳ ಹೇಳಂತ ನಾ ಎಂದರ ಹೇಳೀನೇನು?"

ಕಾಲೇಜಿನ ಪ್ರಯೋಗಶಾಲೆಯಲ್ಲಿ ಹೊಂದಿಕೆಯಾಗದ ಅಳತೆ ಬಂದರೆ ರಬ್ಬರಿನಿಂದ ಅಳಿಸುವಂತಿರಲಿಲ್ಲ. ಮೇಲೊಂದು ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದಲು ಬರಬೇಕು. ಅಳಿಸಿದವರ ಪುಸ್ತಕ ಕಿಟಕಿಯಾಚೆ ಬೀಳುತ್ತಿತ್ತು. ಅದನ್ನು ಸರ್‌ಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ಹೆಂಗಸರು ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದ್ದರು.

ಮೂವತ್ತರ ಮೇಲೆಯೇ ಬಂದರು. ಮುಂದಿನ ಸಾಲಿನಲ್ಲಿ ಜನಾಬಾಯಿ, ಎಣ್ಣೆ ಹಚ್ಚಿ ಬಾಚಿದ ಗಿಡ್ಡ ಕೂದಲಿನಲ್ಲಿ ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದಳು. ಸಾರಿಕಾ ಎದ್ದು ನಿಂತಳು. ಬೇರೆ ಮಾತು ಹುಡುಕಿದಳು, ಸಿಗಲಿಲ್ಲ. ಎರಡು ತಿಂಗಳ ಜ್ವರದಿಂದ ಕಥೆ ತಾನಾಗಿ ಹೊರಟಿತು. ಓಣಿಯವರ ಮಾತು ಬಂತು, ಫೋಟೋ ಬಂತು, ಕತ್ತರಿ ಬಂತು. ಅಲ್ಲಿ ಅವಳು ನಿಂತಳು. ಬಾಳೇಶ ಸರ್ ಮೊದಲು ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಸುಂದರಾ ಎಂಬ ಹೆಂಗಸು ಎದ್ದಳು. ಹೆಚ್ಚೆಂದರೆ ಮೂವತ್ತು ವರ್ಷ. ಸೆರಗು ಸರಿಸಿದಾಗ ಹೆಗಲ ಮೇಲೆ ಜಟೆ ಕಂಡಿತು.

"ಒಂದ ಮಾತ ಕೇಳತೀನ್ರಿ. ಕೊಯ್ದ ಮ್ಯಾಲ ನಿಮ್ಮ ಆಯಿ ಏನೂ ಮಾಡಲಿಲ್ರಿ? ಒಂದ ಕಾಯಿ ಸುದ್ದಾ ಒಡೀಲಿಲ್ರಿ?"

ಬಾಳೇಶ ಸರ್ ನೆಲ ನೋಡುತ್ತಿದ್ದರು. ಸಾರಿಕಾ ಬಾಯಿ ತೆರೆದಳು.

"ಏನೂ ಮಾಡಿಲ್ಲ." ಹೇಳಿದ್ದು ಜನಾಬಾಯಿ. ಅವಳು ಹಿಂದಕ್ಕೆ ಕತ್ತು ಪೂರ್ತಿ ತಿರುಗಿಸಿ ಸುಂದರಾಳನ್ನು ನೋಡಿದಳು. "ನಾ ಏನರ ಮಾಡೀನೇನು? ಮೂರ ದಿನಾ ಆತು. ಹೆಂಗ ಅದೀನಿ ನೋಡು. ಬಾ ಇಲ್ಲಿ, ಕುಂದರು."

ಸುಂದರಾ ಹೆಂಗಸರ ನಡುವೆ ಹಾದು ಮುಂದೆ ಬಂದು, ಸಾರಿಕಾಳಿಗೆ ಬೆನ್ನು ಮಾಡಿ ಕುಳಿತಳು. ಜನಾಬಾಯಿ ಎದುರಿಗೆ ಕೂತು ಎರಡೂ ಕೈಗಳಿಂದ ಅವಳ ತಲೆಯನ್ನು ಅಲುಗದಂತೆ ಹಿಡಿದಳು. ಹತ್ತೂ ಉಗುರುಗಳ ಸಂದಿಯಲ್ಲಿ ನಿನ್ನೆ ಶುಕ್ರವಾರ ಗುಡಿಯಲ್ಲಿ ಹಚ್ಚಿದ ಭಂಡಾರ ಹಳದಿಯಾಗಿ ಕೂತಿತ್ತು. ಸಾರಿಕಾಳ ಕೈಯಲ್ಲಿ ಕತ್ತರಿ ಬಾಯಿ ತೆರೆದೇ ಇತ್ತು.